ಅಮ್ಮ ಓದಿದ ಪುಟಗಳು

ಪೊಳ್ಳಾಚಿ
6 ಜುಲೈ 2025

ಅಮ್ಮ,

'ಪ್ರೀತಿಯ' ಅಂತ ಬರೆಯಲು ಈ ಸಲ ಕೈ ಬರಲಿಲ್ಲ. ಆದ್ದರಿಂದ ಬರೀ ಅಮ್ಮ.

ಫೋನ್ ಯಾಕೆ ಎತ್ತುತ್ತಿಲ್ಲ ಅಂತ ಅಪ್ಪ ದಿನಾ ಮೆಸೇಜ್ ಹಾಕಿ ಕೇಳುತ್ತಿದ್ದಾರೆ. ಎತ್ತಿದರೆ ಆ ಕಡೆ ಸ್ಪೀಕರ್ ಹಾಕಿರುತ್ತೀರಿ. ಅಜ್ಜಿ ಒಂದು ಪಕ್ಕ, ದೊಡ್ಡಪ್ಪನ ಮಗಳು ಇಲಕ್ಕಿಯಾ ಇನ್ನೊಂದು ಪಕ್ಕ. ನಾನು ನಿನ್ನೊಬ್ಬಳ ಜೊತೆ ಜಗಳವಾಡಬೇಕು, ಊರಿನ ಜೊತೆ ಅಲ್ಲ. ಅದಕ್ಕೇ ಈ ಕಾಗದ. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಕನ್ನಡ ಇದೆ, ಆದರೆ ಎಲ್ಲರೂ ಕಲಿತದ್ದು ತಮಿಳು ಅಕ್ಷರ; ಕನ್ನಡ ಅಕ್ಷರ ಓದಲು ಬರುವುದು ನನ್ನ ಬಿಟ್ಟರೆ ನಿನಗೆ ಮಾತ್ರ. ಅದು ಇಷ್ಟು ದಿನ ನನಗೆ ಧೈರ್ಯದ ವಿಷಯವಾಗಿತ್ತು.

ನನ್ನ ದಿನಚರಿಯ ಬೀಗವನ್ನು ಅಪ್ಪ ಕಟಿಂಗ್ ಪ್ಲೇಯರಿನಿಂದ ಮುರಿದರಂತೆ. ಮದುವೆಗೆ ನೋಡಿದ್ದ ಅನ್ನೂರಿನ ಹುಡುಗನನ್ನು ನಾನು ಬೇಡ ಅಂದೆ, ಕಾರಣ ಹೇಳಲಿಲ್ಲ, ಭಾನುವಾರ ಬಸ್ಸು ಹತ್ತಿ ಹೊರಟುಬಂದೆ. ಕಾರಣ ಕಪಾಟಿನಲ್ಲಿದೆ ಅಂತ ನಿಮಗೆಲ್ಲ ಅನ್ನಿಸಿತು. ಅಪ್ಪನ ಮೇಲೆ ನನಗೆ ಅಷ್ಟು ಕೋಪವಿಲ್ಲ, ನಿಜ ಹೇಳುತ್ತೇನೆ. ಅವರು ಪುಟ ತಿರುಗಿಸಿದರೂ ಒಂದಕ್ಷರ ಸಿಗುತ್ತಿರಲಿಲ್ಲ. ಆ ಸಣ್ಣ ಹಿತ್ತಾಳೆ ಬೀಗ ಸುಮ್ಮನೆ ಚಂದಕ್ಕೆ ಇದ್ದದ್ದು. ನಿಜವಾದ ಬೀಗ ನೀನು ನನಗೆ ಕಲಿಸಿದ ಅಕ್ಷರ. ಅದಕ್ಕೆ ಇದ್ದದ್ದು ಒಂದೇ ಬೀಗದ ಕೈ, ಅದು ನಿನ್ನ ಹತ್ತಿರ ಇತ್ತು.

ನೀನು ಓದಿದೆಯಂತೆ. ನಡುಮನೆಯಲ್ಲಿ ಕೂತು, ಎಲ್ಲರಿಗೂ ಕೇಳುವಂತೆ, ಜೋರಾಗಿ. ಇಲಕ್ಕಿಯಾ ಫೋನ್ ಮಾಡಿ, "ಅಕ್ಕಾ, ಚಿಕ್ಕಮ್ಮ ಎಲ್ಲಾನೂ ಓದಿಟ್ರು, ನೀ ಭಯಪಡ್ಬೇಡ, ತಪ್ಪಾ ಏನೂ ಇರ್ಲಿಲ್ಲ" ಅಂದಳು. ಮುಂದೆ ಕೇಳಿಸಿಕೊಳ್ಳದೆ ಕಟ್ ಮಾಡಿದೆ. ನೀನು ಓದುತ್ತಿರುವ ಫೋಟೋ ಕೂಡ ಕಳಿಸಿದ್ದಾಳೆ. ಅದನ್ನು ತೆರೆದು ನೋಡುವ ಶಕ್ತಿ ನನಗಿಲ್ಲ.

ಯಾರಾದರೂ ನನ್ನ ಪರವಾಗಿ ಆ ಪುಸ್ತಕವನ್ನು ಕಸಿದುಕೊಂಡು ಎದ್ದು ಹೋಗುತ್ತಾರೆ ಅಂದರೆ ಅದು ನೀನು ಅಂತ ಅಂದುಕೊಂಡಿದ್ದೆ. ಯಾಕೆ ಓದಿದೆ ಅಮ್ಮ?

ನಿವೇತಾ


ಅವಿನಾಶಿ
13 ಜುಲೈ 2025

ನಿವೇತಾ,

ಕಾಗದ ಬಂತು. ಪೋಸ್ಟ್‌ಮ್ಯಾನ್ ಅದನ್ನು ನಿಮ್ಮಜ್ಜಿಯ ಕೈಗೆ ಕೊಟ್ಟ. ಅವರು ಬೆಳಕಿಗೆ ಹಿಡಿದು ನೋಡಿ, ತಲೆಕೆಳಗು ಮಾಡಿ ನೋಡಿ, ಕೊನೆಗೆ ಶೆಡ್ಡಿಗೇ ಬಂದು ಮಗ್ಗ ನಿಲ್ಲಿಸಲು ಹೇಳಿದರು. "ಏ ಮಾದೇವಿ, ಅಮ್ಮಿಣಿ ಏನ್ ಬರ್ದವಳೆ? ಶತ್ತವಾಗಿ, ಜೋರಾ ಓದು, ನಂಗೂ ಕಿವಿ ಇದೆ" ಅಂದರು.

ಓದಿದೆ. ಹಾಸ್ಟೆಲಿನಲ್ಲಿ ಊಟ ಪರವಾಗಿಲ್ಲವಂತೆ, ನೀರು ಎರಡು ಹೊತ್ತೂ ಬರುತ್ತದಂತೆ, ಅಜ್ಜಿಯ ಮೊಣಕಾಲು ಹೇಗಿದೆ ಅಂತ ಎರಡು ಸಲ ಕೇಳಿದ್ದಾಳೆ ಅಂದೆ. ಅವರಿಗೆ ಕಣ್ಣು ತುಂಬಿಬಂತು. "ನೋಡು, ಕೋಪದಲ್ಲೂ ಪುಳ್ಳೆಗೆ ನನ್ ಜ್ಞಾಪಕ" ಅಂತ ನಿನ್ನನ್ನು ಹೊಗಳುತ್ತಾ ಬೀದಿಗೆಲ್ಲ ಹೇಳಿಕೊಂಡು ಬಂದರು. ಆದ್ದರಿಂದ ಮುಂದಿನ ಸಲ ನಿಜವಾಗಿಯೂ ಒಂದು ಸಾಲು ಅವರ ಮೊಣಕಾಲಿನ ಬಗ್ಗೆ ಬರೆ. ನನಗೆ ಪಾಪ ತಗಲುವುದು ತಪ್ಪುತ್ತದೆ.

ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡುವುದಿಲ್ಲ. ಕೇಳಿದ ರೀತಿಯೇ ಸರಿಯಿಲ್ಲ. ಓದಿದೆಯಾ ಅಂತ ಕೇಳಿದ್ದರೆ ಮಾತು ಬೇರೆ. ಯಾಕೆ ಓದಿದೆ ಅಂತ ಕೇಳಿದ್ದೀಯ. ಯಾರೋ ಹೇಳಿದರು, ನೀನು ನಂಬಿದೆ, ಮುಗಿಯಿತು.

ಪುಸ್ತಕ ನನ್ನ ಟ್ರಂಕಿನಲ್ಲಿದೆ, ಮದುವೆ ಸೀರೆಯ ಕೆಳಗೆ. ಬೀಗ ಮುರಿದಿದೆ, ಸರಿಮಾಡಿಸಲು ಆಗುವುದಿಲ್ಲ. ನೂಲಿನಿಂದ ಸುತ್ತಿ ಗಂಟು ಹಾಕಿದ್ದೇನೆ. ಟ್ರಂಕಿನ ಬೀಗದ ಕೈ ನನ್ನ ಸೊಂಟದಲ್ಲಿದೆ.

ಆಡಿ ತಿಂಗಳು ಶುರುವಾಗಲಿದೆ. ಇನ್ನು ಒಂದು ತಿಂಗಳು ಮದುವೆ ಮಾತು ಯಾರೂ ಎತ್ತುವುದಿಲ್ಲ. ಆಮೇಲೆ ಆವಣಿ ತಿಂಗಳು ಹುಟ್ಟಿದ ಕೂಡಲೇ ಅನ್ನೂರಿನವರು ಮತ್ತೆ ಬರುತ್ತಾರೆ. ಅಷ್ಟರೊಳಗೆ ನೀನು ಒಂದು ಸಲ ಮನೆಗೆ ಬಂದು ಹೋಗಬೇಕು. ಆಡಿ ಹದಿನೆಂಟರ ಹಬ್ಬಕ್ಕೆ ಬಾ. ಬೇವಿನ ಮರಕ್ಕೆ ಉಯ್ಯಾಲೆ ಕಟ್ಟಿಸುತ್ತೇನೆ. ಬೇಡವಾದರೆ ನನ್ನ ಹತ್ತಿರ ಮಾತಾಡಬೇಡ, ಉಯ್ಯಾಲೆಯಲ್ಲಿ ಕೂತು ಹೋಗು.

ಅಮ್ಮ


ಪೊಳ್ಳಾಚಿ
19 ಜುಲೈ 2025

ಅಮ್ಮ,

ಆಡಿ ಹದಿನೆಂಟಕ್ಕೆ ಬರುವುದಿಲ್ಲ. ಕಂಪನಿಯಲ್ಲಿ ತೆಂಗಿನ ನಾರಿನ ಲೋಡು ಹಡಗಿಗೆ ಹೋಗಬೇಕು, ರಜೆ ಕೇಳಿಲ್ಲ, ಕೇಳುವುದೂ ಇಲ್ಲ.

ಪುಸ್ತಕವನ್ನು ಕೊರಿಯರಿನಲ್ಲಿ ಕಳಿಸು. ಇನ್ನು ಮೇಲೆ ಅದರಲ್ಲಿ ಬರೆಯುವುದಿಲ್ಲ. ಯಾವ ಅಕ್ಷರದಲ್ಲಿ ಬರೆದರೆ ನಿನಗೆ ಅರ್ಥವಾಗುವುದಿಲ್ಲವೋ ಅದನ್ನು ಕಲಿತ ಮೇಲೆ ನೋಡೋಣ.

ಅಜ್ಜಿಯ ಮೊಣಕಾಲಿಗೆ ಎಣ್ಣೆ ಕಾಯಿಸಿ ಹಚ್ಚು.

ನಿವೇತಾ


ಅವಿನಾಶಿ
27 ಜುಲೈ 2025

ನಿವೇತಾ,

ಇವತ್ತು ಭಾನುವಾರ, ಮಗ್ಗಗಳಿಗೆ ರಜೆ. ಆಡಿ ಗಾಳಿ ಶೆಡ್ಡಿನ ತಗಡನ್ನು ಬಡಿಯುತ್ತಿದೆ. ಮಗ್ಗ ನಿಂತರೂ ಸದ್ದು ನಿಲ್ಲುವುದಿಲ್ಲ ನಮಗೆ. ಪುಸ್ತಕವನ್ನು ನಾಳೆ ಇಲಕ್ಕಿಯಾ ಕೊರಿಯರಿಗೆ ಹಾಕುತ್ತಾಳೆ. ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತಿದ್ದೇನೆ, ಒಳಗೆ ಪುಸ್ತಕಕ್ಕೆ ನೂಲು ಸುತ್ತಿದ್ದೇನೆ. ಕತ್ತರಿ ಇಲ್ಲದೆ ಬಿಚ್ಚುವುದಿಲ್ಲ.

ನಿನ್ನ ಸಣ್ಣ ಕಾಗದವನ್ನು ಬಹಳ ಸಲ ಓದಿದೆ. ನನಗೆ ಅರ್ಥವಾಗದ ಅಕ್ಷರ ಕಲಿಯುತ್ತೇನೆ ಅಂದಿದ್ದೀಯ. ಕಲಿ. ಕಲಿಯುವುದರಲ್ಲಿ ನೀನು ಚುರುಕು, ಅದು ನನಗೆ ಗೊತ್ತು. ಶೆಡ್ಡಿನ ಗೋಡೆಯ ಮೇಲೆ ಮಗ್ಗದ ಹಾಸುನೂಲಿನ ನಂಬರು ಬರೆಯುವ ಸೀಮೆಸುಣ್ಣದಲ್ಲಿ ನಾನು ನಿನಗೆ ಅ ಆ ಬರೆಸಿದೆ. ನಿಮ್ಮಪ್ಪ ಬೈದರು, ಹಾಸಿನ ಲೆಕ್ಕ ಅಳಿಸಿಹೋಯಿತು ಅಂತ. ನೀನು ಅಳಲಿಲ್ಲ. ಲೆಕ್ಕ ಇದ್ದ ಜಾಗ ಬಿಟ್ಟು, ನೆಲಕ್ಕೆ ಹತ್ತಿರ, ಬಗ್ಗಿ ಕೂತು ಬರೆದೆ. ಆಗ ನೀನು ಬರೆದ 'ಳ' ಇನ್ನೂ ಅಲ್ಲಿದೆ. ಸುಣ್ಣ ಹೊಡೆಯುವವರು ಬಂದಾಗ ಅಲ್ಲಿಗೆ ನೂಲಿನ ಮೂಟೆ ಅಡ್ಡ ಇಟ್ಟೆ.

ಯಾಕೆ ಕಲಿಸಿದೆ ಅಂತ ನೀನು ಯಾವತ್ತೂ ಕೇಳಲಿಲ್ಲ. ಅಕ್ಷರ ಬಂದರೆ ಒಳ್ಳೆಯದು ಅಂತ ನಿಮ್ಮಪ್ಪನಿಗೆ ಹೇಳಿದ್ದೆ. ಅದು ಸುಳ್ಳು. ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದಾಗ, ನಾನು ಬರೆದದ್ದನ್ನು ಓದುವವರು ಈ ಊರಲ್ಲಿ ಒಬ್ಬರೂ ಇರಲಿಲ್ಲ. ನನ್ನ ಅವ್ವ ಬರೆದ ಕಾಗದವನ್ನು ನಾನು ಒಬ್ಬಳೇ ಓದಿ, ಒಬ್ಬಳೇ ಮಡಚಿ ಇಡುತ್ತಿದ್ದೆ. ಅವ್ವ ಹೋದ ಮೇಲೆ ಕಾಗದವೂ ನಿಂತಿತು. ಮನೆ ತುಂಬ ಜನ ಇದ್ದರೂ ಒಂಟಿ ಅನ್ನಿಸುತ್ತಿತ್ತು. ನೀನು ಹುಟ್ಟಿದಾಗ, ಇವಳಿಗೆ ಅಕ್ಷರ ಕಲಿಸಿದರೆ ನನಗೊಂದು ಜೊತೆಯಾಗುತ್ತದೆ ಅಂದುಕೊಂಡೆ. ನನ್ನ ಸ್ವಾರ್ಥಕ್ಕೇ ಕಲಿಸಿದ್ದು.

ನಡುಮನೆಯಲ್ಲಿ ನಾನು ಏನು ಓದಿದೆ ಅಂತ ಇಲಕ್ಕಿಯಾಳನ್ನು ಕೇಳು. ನನ್ನನ್ನು ಕೇಳಬೇಡ.

ನಿನ್ನ ಕೋಣೆ ಗುಡಿಸಿದ್ದೇನೆ. ಕಪಾಟು ಮುಟ್ಟಿಲ್ಲ.

ಅಮ್ಮ


ಅವಿನಾಶಿ
4 ಆಗಸ್ಟ್ 2025

ನಿವೇತಾ,

ಕೊರಿಯರಿನವರು ಪೆಟ್ಟಿಗೆ ಕೊಟ್ಟಾಯಿತು ಅಂತ ಇಲಕ್ಕಿಯಾಳ ಫೋನಿಗೆ ಮೆಸೇಜ್ ಬಂತು. ನಿನ್ನಿಂದ ಏನೂ ಬರಲಿಲ್ಲ.

ನಿನ್ನೆ ಆಡಿ ಹದಿನೆಂಟು. ಉಯ್ಯಾಲೆ ಕಟ್ಟಿಸಿದೆ. ಬೀದಿಯ ಮಕ್ಕಳು ಆಡಿದರು. ತೆಂಗಿನಕಾಯಿ ಅನ್ನ, ಹುಣಿಸೆ ಅನ್ನ, ಮೊಸರನ್ನ ಎಲ್ಲ ಮಾಡಿದೆ. ನಿನ್ನ ಪಾಲು ಎತ್ತಿಡಬಾರದು ಅಂದುಕೊಂಡೇ ಎತ್ತಿಟ್ಟೆ. ಸಂಜೆಯವರೆಗೆ ಪೊಳ್ಳಾಚಿಯಿಂದ ಬರುವವಳು ಬಂದೇಬರುತ್ತಾಳೆ ಅಂತ ಬಾಗಿಲ ಕಡೆ ಬೆನ್ನು ಮಾಡಿ ಕೂತಿದ್ದೆ. ಎದುರಾಗಿ ಕೂತು ಕಾದರೆ ನಿಮ್ಮಜ್ಜಿಗೆ ಗೊತ್ತಾಗುತ್ತದಲ್ಲ.

ನನಗೆ ನಿನ್ನನ್ನು ನೋಡಬೇಕು ಅನ್ನಿಸಿದೆ. ಇದಕ್ಕಿಂತ ಜಾಸ್ತಿ ಬರೆಯಲು ಬರುವುದಿಲ್ಲ.

ಅಮ್ಮ


ಪೊಳ್ಳಾಚಿ
10 ಆಗಸ್ಟ್ 2025

ಪ್ರೀತಿಯ ಅಮ್ಮ,

ಪೆಟ್ಟಿಗೆ ಬಂದ ಮೇಲೂ ನಾನು ಅದನ್ನು ತೆರೆಯಲಿಲ್ಲ. ಮಂಚದ ಕೆಳಗೆ ತಳ್ಳಿಬಿಟ್ಟಿದ್ದೆ. ಆಡಿ ಹದಿನೆಂಟರ ನಿನ್ನ ಕಾಗದ ಬಂದಾಗ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದೆ ಅನ್ನುವ ಸಾಲು ಓದಿ ನನಗೆ ತಡೆಯಲಾಗಲಿಲ್ಲ. ಪೆಟ್ಟಿಗೆ ಎಳೆದು ತೆರೆದೆ. ನೂಲು ಸುತ್ತಿದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಇಲಕ್ಕಿಯಾಗೆ ಫೋನ್ ಮಾಡಿದೆ. ಅಮ್ಮ ಏನು ಓದಿದಳು, ಒಂದೂ ಬಿಡದೆ ಹೇಳು ಅಂದೆ.

ಅವಳು ಹೇಳಿದಳು. ನನಗೆ ಈಗಲೇ ಕಲ್ಯಾಣ ಬೇಡ ಅಂತ ಇತ್ತಂತೆ. ಅಮ್ಮನ ಊರಿನ ಹೊಳೆಯ ದಂಡೆಯಲ್ಲಿ ಒಂದು ಸಂಜೆ ಒಬ್ಬಳೇ ಕೂರಬೇಕು ಅಂತ ಇತ್ತಂತೆ. ಹೊತ್ತಾಯಿತು ಬಾ ಅಂತ ಯಾರೂ ಕರೆಯಬಾರದು ಅಂತ ಇತ್ತಂತೆ. ಬಟ್ಟೆ ಒಗೆಯುವ ಕಲ್ಲು ಬಿಸಿಲು ಇಳಿದ ಮೇಲೂ ಬೆಚ್ಚಗೇ ಇರುತ್ತದೆ, ಅದರ ಮೇಲೆ ಕಾಲು ಚಾಚಿ ಕೂರಬೇಕು ಅಂತ ಇತ್ತಂತೆ. ಆಮೇಲೆ ಇಲಕ್ಕಿಯಾ ಅಂದಳು, "ಈ ಮನೆಗೆ ಬಂದ ಹೊಸದ್ರಲ್ಲಿ ಎಲ್ಲಾರೂ ನನ್ ಮಾತಿಗೆ ನಗ್ತಿದ್ರು ಅಂತಾನೂ ಓದಿದ್ರು ಅಕ್ಕಾ. ನಂಗೆ ಅದು ಮಾತ್ರ ಪುರಿಯಲಿಲ್ಲ. ನೀ ಹುಟ್ಟಿದ್ದೇ ಈ ಮನೆ ತಾನೆ?"

ಅಮ್ಮ, ನಾನು ಆ ಹೊಳೆಯನ್ನು ನೋಡಿದ್ದು ಒಂದೇ ಸಲ, ಅದೂ ನಿನ್ನ ಸೊಂಟದ ಮೇಲೆ ಕೂತು. ನನಗೆ ಕಲ್ಲೂ ನೆನಪಿಲ್ಲ, ನೀರೂ ನೆನಪಿಲ್ಲ. ಅದರಲ್ಲಿ ಒಂದು ಸಾಲನ್ನೂ ನಾನು ಬರೆದಿಲ್ಲ.

ಆಗ ಆ ಫೋಟೋ ತೆರೆದೆ. ನೀನು ಚಾಪೆಯ ಮೇಲೆ ಕೂತಿದ್ದೀಯ. ಪುಸ್ತಕ ಮುಖದ ಹತ್ತಿರವೇ ಇದೆ. ಅಜ್ಜಿ ಬಾಯಿಬಿಟ್ಟುಕೊಂಡು ಕೇಳುತ್ತಿದ್ದಾರೆ. ಅಪ್ಪ ಕಂಬಕ್ಕೆ ಒರಗಿದ್ದಾರೆ. ನಿನ್ನ ಹಿಂದೆ ಟೀವಿ, ಟೀವಿಯ ಮೇಲೆ ನಾನು ಮೊದಲ ಸಂಬಳದಲ್ಲಿ ಕೊಡಿಸಿದ ಕೆಂಪು ಫ್ರೇಮಿನ ಕನ್ನಡಕ. ಅದು ಇಲ್ಲದೆ ನೀನು ಮಾತ್ರೆಯ ಹೆಸರನ್ನೂ ಓದಲಾರೆ. ನನ್ನ ಪುಟ್ಟ ಪುಟ್ಟ ಅಕ್ಷರ ನಿನಗೆ ಇರುವೆಯ ಸಾಲಿನಂತೆ ಕಂಡಿರಬೇಕು.

ಅಲ್ಲಿದ್ದ ಒಬ್ಬರಿಗೂ ಅದು ಹೊಳೆಯಲಿಲ್ಲವೇ? ಓದುವುದು ನಿನ್ನ ಕೆಲಸ, ನಂಬುವುದು ಅವರ ಕೆಲಸ ಅಂತ ಇದ್ದುಬಿಟ್ಟರಲ್ಲ. ನಾನು ಅವರಿಗಿಂತ ಕಡೆ. ಓದಲು ಬರುವವಳಾಗಿದ್ದೂ ಒಂದು ಫೋಟೋ ತೆರೆಯದೆ ನಂಬಿದೆ.

ಅಮ್ಮ, ನಾನು ಅತ್ತೆ. ಹಾಸ್ಟೆಲಿನ ಹುಡುಗಿಯರೆಲ್ಲ ಬಂದು ನಿಂತರು. ಮನೆಯಲ್ಲಿ ಯಾರಿಗಾದರೂ ಏನಾದರೂ ಆಯಿತಾ ಅಂದರು. ಅಮ್ಮನಿಗೆ ಒಂದು ಹೊಳೆ ಬೇಕಿದೆ ಅಂತ ನಾನು ಹೇಗೆ ಹೇಳಲಿ? ನೀನು ನನಗೆ ಯಾವತ್ತೂ ಅದನ್ನು ಹೇಳಿರಲಿಲ್ಲ. ನನ್ನ ಹೆಸರಿನಲ್ಲಿ, ನನ್ನ ಪುಸ್ತಕ ಹಿಡಿದುಕೊಂಡು ಮಾತ್ರ ಹೇಳಲು ಆಯಿತಾ ನಿನಗೆ?

ಈಗ ನನ್ನ ಕಡೆಯ ಮಾತು. ಪುಸ್ತಕದಲ್ಲಿ ಯಾವ ಹೆಸರೂ ಇಲ್ಲ ಅಂತ ನೀನು ಅಪ್ಪನಿಗೆ ಹೇಳಿದೆಯಂತೆ. ಅಜ್ಜಿ ದೇವರ ಮುಂದೆ ಕರ್ಪೂರ ಹಚ್ಚಿಸಿ ಕೇಳಿದರಂತೆ, ಆಗಲೂ ಇಲ್ಲ ಅಂದೆಯಂತೆ. ಅಮ್ಮ, ಒಂದು ಹೆಸರಿದೆ.

ನಿನಗೆ ಗೊತ್ತಿಲ್ಲದೆ ನೀನು ನನಗಾಗಿ ಕರ್ಪೂರದ ಮುಂದೆ ಸುಳ್ಳು ಹೇಳಿದ್ದೀಯ. ಇದು ನಾಳೆ ಹೊರಗೆ ಬಂದರೆ ಎಲ್ಲರೂ ನಿನ್ನನ್ನೇ ಹಿಡಿಯುತ್ತಾರೆ. ಆದ್ದರಿಂದ ಪುಸ್ತಕವನ್ನು ವಾಪಸ್ ಕಳಿಸುತ್ತಿದ್ದೇನೆ. ನಿನ್ನ ನೂಲು ಕತ್ತರಿಸಿ, ಒಂದು ಪುಟದಲ್ಲಿ ಬೇವಿನ ಎಲೆ ಇಟ್ಟು, ನೀನು ಕಲಿಸಿದ ಹಾಗೆಯೇ ಮತ್ತೆ ಗಂಟು ಹಾಕಿದ್ದೇನೆ. ಅದನ್ನು ಕತ್ತರಿಸು. ಕನ್ನಡಕ ಹಾಕಿಕೊಂಡು ಓದು. ಈ ಸಲ ನಾನೇ ಹೇಳುತ್ತಿದ್ದೇನೆ. ಓದಿದ ಮೇಲೂ ನನಗೆ ಬಾ ಅಂದರೆ ಬರುತ್ತೇನೆ.

ನಿನ್ನ ನಿವೇತಾ

ಅಜ್ಜಿಯ ಮೊಣಕಾಲು ಹೇಗಿದೆ? ನಿಜವಾಗಿಯೂ ಕೇಳುತ್ತಿದ್ದೇನೆ.


ಅವಿನಾಶಿ
17 ಆಗಸ್ಟ್ 2025

ನನ್ನ ಅಮ್ಮಿಣಿ,

ಮೊಣಕಾಲು ಹಾಗೇ ಇದೆ, ಬಾಯಿ ಮಾತ್ರ ಚೆನ್ನಾಗಿದೆ. ಕಾಗದವೂ ಪುಸ್ತಕವೂ ಒಂದೇ ದಿನ ಬಂದವು.

ನೀನು ಕೇಳಿದ್ದರಿಂದ ಈಗ ಹೇಳುತ್ತೇನೆ. ಆ ದಿನ ನಾನು ಶೆಡ್ಡಿನಲ್ಲಿದ್ದೆ. ಕರೆದರು, ಹೋದೆ. ಬೀಗ ಆಗಲೇ ಮುರಿದು ನೆಲದ ಮೇಲೆ ಬಿದ್ದಿತ್ತು. ನಿಮ್ಮಜ್ಜಿ ಪುಸ್ತಕವನ್ನು ನನ್ನ ಕೈಗೆ ಹಾಕಿ, "ಯಾವನ್ ಪೇರು ಇದೆ ನೋಡು. ನೀ ತಾನೆ ಇದ್ಕೆ ಎಲ್ಲಾ ಮೇಷ್ಟ್ರು" ಅಂದರು. ಓದುವುದಿಲ್ಲ ಅಂತ ಎದ್ದು ಹೋಗಬಹುದಿತ್ತು, ನೀನು ಬರೆದ ಹಾಗೆ. ಹೋಗಿದ್ದರೆ ಅವರು ಅದನ್ನು ಅವಿನಾಶಿ ಪೇಟೆಗೆ ತೆಗೆದುಕೊಂಡು ಹೋಗುತ್ತಿದ್ದರು. ಬನಿಯನ್ ಕಂಪನಿಗೆ ಮೈಸೂರಿನ ಕಡೆಯ ಹುಡುಗರು ಎಷ್ಟು ಜನ ಬಂದಿಲ್ಲ? ಒಂದು ಟೀ ಕೊಡಿಸಿದರೆ ಓದಿಕೊಡುತ್ತಾರೆ. ಅದಕ್ಕೇ ನಾನೇ ಓದುತ್ತೇನೆ ಅಂದೆ. ಕನ್ನಡಕ ತೆಗೆದು ಟೀವಿಯ ಮೇಲಿಟ್ಟು ಕೂತೆ. ಅಕ್ಷರ ಬರುವವಳ ಕಣ್ಣಿಗೆ ಅಕ್ಷರ ಬಿದ್ದರೆ ಓದದೆ ಇರಲು ಆಗುವುದಿಲ್ಲ. ನನ್ನ ಮೇಲೆ ನನಗೇ ಅಷ್ಟು ನಂಬಿಕೆ ಇರಲಿಲ್ಲ.

ಏನು ಹೇಳುವುದು ಅಂತ ಯೋಚಿಸಿರಲಿಲ್ಲ. ಬಾಯಿಬಿಟ್ಟರೆ ಹೊಳೆ ಬಂತು. ಅಷ್ಟು ದಿನ ಎಲ್ಲಿತ್ತೋ. ಓದುತ್ತಾ ಓದುತ್ತಾ ನಿನ್ನನ್ನು ಕಾಪಾಡುತ್ತಿದ್ದೇನೆ ಅನ್ನುವುದೇ ಮರೆತುಹೋಯಿತು. ಇನ್ನೂ ಒಂದು ಪುಟ ಇರಬಾರದಾ ಅನ್ನಿಸಿತು. ನನ್ನ ಮಾತಿಗೆ ನಗುತ್ತಿದ್ದರು ಅನ್ನುವುದು ಬಾಯಿ ತಪ್ಪಿ ಬಂದದ್ದು.

ಕರ್ಪೂರದ ವಿಷಯಕ್ಕೆ ನೀನು ಹೆದರಬೇಡ. ಈ ಪುಸ್ತಕದಲ್ಲಿ ನಾನು ಯಾವ ಹೆಸರನ್ನೂ ನೋಡಲಿಲ್ಲ ಅಂತ ಹೇಳಿದ್ದು. ಅದರಲ್ಲಿ ಸುಳ್ಳೇನಿದೆ?

ಆದರೂ ನಿನ್ನ ಕಾಗದ ಓದಿದ ಮೇಲೆ ಮನಸ್ಸು ತಡೆಯಲಿಲ್ಲ. ಇವತ್ತು ಆವಣಿ ಒಂದು. ಅನ್ನೂರಿಗೆ ಫೋನ್ ಮಾಡಬೇಕು ಅಂತ ನಿಮ್ಮಪ್ಪ ಬೆಳಿಗ್ಗೆಯೇ ಹೇಳಿದ್ದರು. ಕಾಫಿ ಕೊಡುವಾಗ ಹೇಳಿಬಿಟ್ಟೆ. ನಾನು ಅವತ್ತು ಓದಲಿಲ್ಲ, ಎಲ್ಲಾ ನಾನೇ ಕಟ್ಟಿ ಹೇಳಿದ್ದು ಅಂದೆ. ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದೆ.

ಅವರು ಕಾಫಿ ಕುಡಿದು ಮುಗಿಸಿದರು. ಆಮೇಲೆ, "ಅದು ನಂಗೆ ಅವತ್ತೇ ತೆರಿಯುಂ ಮಾದೇವಿ. ಕಣ್ಣಾಡಿ ಟೀವಿ ಮೇಲೆ ಅಲ್ವಾ ಇತ್ತು" ಅಂದರು.

ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಅಂದೆ.

"ಬೀಗ ಒಡ್ದ ಮೇಲೆ ಕೈಯೆಲ್ಲಾ ಒಂದ್ ಮಾದಿರಿ ಆಗೋಯ್ತು. ನೀ ಕಣ್ಣಾಡಿ ತೆಗ್ದಿಟ್ಟಿ. ಪುಳ್ಳೆ ಮಾನ ಉಳೀತು ಅನ್ಸ್ತು. ಸುಮ್ನಾದೆ."

ಲೋಟವನ್ನು ನನ್ನ ಕೈಗೆ ಕೊಡುತ್ತಾ, ಮುಖ ನೋಡದೆ ಕೇಳಿದರು, "ಆ ಹೊಳೆ ಕಲ್ಲು ಈಗ್ಲೂ ಇದೆಯಾ? ಒಂದ್ ಸಲ ಹೋಗ್ಬರುವ. ನಾ ದೂರ ಕೂತಿರ್ತೀನಿ. ಕರೆಯಲ್ಲ."

ಅಮ್ಮಿಣಿ, ಈ ಮನೆಗೆ ಬಂದ ದಿನದಿಂದ ಯಾರೂ ನನ್ನನ್ನು ಕೇಳದ ಮಾತು ಅದು. ಲೋಟ ತೊಳೆಯುವ ನೆಪದಲ್ಲಿ ಒಳಗೆ ಬಂದುಬಿಟ್ಟೆ. ನಾನು ಒಳಗಿರುವಾಗ ಅವರು ಅನ್ನೂರಿಗೆ ಫೋನ್ ಮಾಡಿದ್ದು ಕೇಳಿಸಿತು. ಹುಡುಗಿಗೆ ಇಷ್ಟವಿಲ್ಲ, ಬೇರೆ ಕಾರಣ ನಮಗೆ ತಿಳಿಯದು ಅಂದರು. ಅಜ್ಜಿ ಬೆಳಿಗ್ಗೆಯಿಂದ ನಮ್ಮಿಬ್ಬರ ಹತ್ತಿರವೂ ಮಾತಾಡುತ್ತಿಲ್ಲ. ನೀನು ಹೆಸರು ಹೇಳಿದ ದಿನ ಈ ಮನೆಯಲ್ಲಿ ಎಲ್ಲಾ ಸಲೀಸಾಗಿರುತ್ತದೆ ಅಂತ ನಾನು ಮಾತು ಕೊಡಲಾರೆ. ಜಗಳವಾದರೆ ನಿನ್ನ ಪಕ್ಕದಲ್ಲಿರುತ್ತೇನೆ, ಅಷ್ಟು ಹೇಳಬಲ್ಲೆ.

ಪುಸ್ತಕ ಮತ್ತೆ ಟ್ರಂಕಿನಲ್ಲಿದೆ. ನೀನು ಹಾಕಿದ ಗಂಟು ಚೆನ್ನಾಗಿ ಬಂದಿದೆ, ಬೆರಳಲ್ಲಿ ಮುಟ್ಟಿ ನೋಡಿದೆ. ಕತ್ತರಿಸಿಲ್ಲ. ನೀನು ಓದು ಅಂದಿದ್ದೀಯ, ನಿಜ. ಆದರೆ ಅದನ್ನು ನಿನ್ನಿಂದ ಇಷ್ಟು ದೂರ ಕೂತು, ನೀನು ನನಗೆ ಕೊಡಿಸಿದ ಕನ್ನಡಕದಲ್ಲಿ, ಒಬ್ಬಳೇ ಓದಿ, ಒಬ್ಬಳೇ ಮಡಚಿಡಲು ನನಗೆ ಇಷ್ಟವಿಲ್ಲ. ಅವ್ವನ ಕಾಗದಗಳನ್ನು ಹಾಗೆ ಓದಿ ಓದಿ ನನಗೆ ಸಾಕಾಗಿದೆ.

ನೀನೇ ಬಾ. ಬೇವಿನ ಮರದ ಉಯ್ಯಾಲೆ ಇನ್ನೂ ಬಿಚ್ಚಿಲ್ಲ. ನೀನು ಅದರಲ್ಲಿ ಕೂತುಕೋ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಆ ಹೆಸರನ್ನು ಹೇಳಬೇಕು ಅನ್ನಿಸಿದರೆ ಹೇಳು. ನಿನ್ನ ಬಾಯಿಂದ ಕೇಳುವುದಕ್ಕೆ ನನಗೆ ಕನ್ನಡಕ ಬೇಡ.

ಶನಿವಾರ ಮೊದಲನೆಯ ಬಸ್ಸಿಗೇ ಹೊರಡು. ಈ ಸಲ ಬಾಗಿಲಿಗೆ ಎದುರಾಗಿಯೇ ಕೂತಿರುತ್ತೇನೆ.

ಅಮ್ಮ